ಗೆಳೆಯನ ಎಲೆಯಿಂದ ಒಬ್ಬಟ್ಟು ಎತ್ತಿಬಿಟ್ಟೆ, ಅವ್ನು ಮಾತೇ ಬಿಟ್ಟವ್ನೆ. ಶುಗರ್ ಇರೋರ ಜೊತೆ ಹೆಂಗಿರ್ಬೇಕು ಹೇಳಿ

ಅಂತರಗಂಗೆ_ತಪ್ಪಲು (ಕೋಲಾರ)

ನಮಸ್ಕಾರ ಎಲ್ರಿಗೂ, ಸ್ವಲ್ಪ ಉದ್ದ ಆಗತ್ತೆ, ಪೂರ್ತಿ ಓದಿ. ನಾನೂ ನನ್ ಗೆಳೆಯನೂ ಒಂದನೇ ಕ್ಲಾಸಿಂದ ಒಂದೇ ಬೆಂಚು. ಅವ್ನಿಗೀಗ 36. ಶುಗರ್ ಬಂದು ಆರು ವರ್ಷ, ಮೊದ್ಲು ಮಾತ್ರೇಲಿ ಇತ್ತು, ಹೋದ ವರ್ಷದಿಂದ ಬೆಳಗ್ಗೆ ರಾತ್ರಿ ಎರಡೊತ್ತು ಇನ್ಸುಲಿನ್. ಟೊಮೆಟೊ ಮಂಡೀಲಿ ಕೆಲಸ, ಸೀಸನ್ ಬಂದ್ರೆ ಹೊತ್ತಿಗೆ ಸರಿಯಾಗಿ ಊಟ ಅನ್ನೋದೇ ಇರಲ್ಲ.

ಹೋದ ತಿಂಗಳು ನಮ್ ಫ್ರೆಂಡ್ ತಂಗಿ ಮದುವೆ. ಊಟಕ್ಕೆ ಕೂತಿದ್ವಿ, ಒಬ್ಬಟ್ಟು ಬಡಿಸ್ಕೊಂಡು ಬಂದ್ರು, ಇವ್ನು ಒಂದು ಹಾಕಿಸ್ಕೊಂಡ, ಮೇಲೆ ತುಪ್ಪ ಬೇರೆ. ನಂಗೆ ಹೊಟ್ಟೇಲಿ ಸಂಕಟ ಆಯ್ತು. "ಲೋ, ನಿಂಗೆ ಶುಗರ್ ಅಲ್ವೇನೋ" ಅಂತ ಕೈ ಹಾಕಿ ಎತ್ಕೊಂಡು ನನ್ ಎಲೆಗೆ ಹಾಕ್ಕೊಂಡ್ಬಿಟ್ಟೆ. ಎದುರು ಸಾಲಲ್ಲಿ ಅವ್ನ ಹೆಂಡ್ತಿ ಕಡೆಯೋರೆಲ್ಲಾ ಕೂತಿದ್ರು. ಅವ್ನು ಒಂದ್ ಮಾತೂ ಆಡ್ಲಿಲ್ಲ, ಅನ್ನ ಬರೋಕ್ ಮುಂಚೆ ಎಲೆ ಮಡಚಿ ಎದ್ದು ಹೋದ. ಇವತ್ತಿಗೆ 24 ದಿನ, ಫೋನ್ ಎತ್ತಲ್ಲ.

ಅವ್ನ ಅಪ್ಪ ಇದೇ ಕಾಯಿಲೇಲಿ ಕಾಲು ಕಳ್ಕೊಂಡ್ರು, ನಾನೇ ಆಸ್ಪತ್ರೇಲಿ ಅವ್ರ ಪಕ್ಕ ಮಲಗ್ತಿದ್ದೆ. ಆ ಭಯ ನಂಗೆ. ಸುಮ್ನೆ ನೋಡ್ಕೊಂಡು ಕೂರೋಕೂ ಆಗಲ್ಲ, ಹೇಳಿದ್ರೆ ಹಿಂಗಾಗತ್ತೆ. ಏನ್ ಮಾಡ್ಲಿ?

ಬೈರಕೂರು_ಹುಡ್ಗ (ಮುಳಬಾಗಿಲು)

ತಪ್ ನಿಂದೇ ಗುರು. ಊಟದ ಎಲೆಗೆ ಕೈ ಹಾಕೋದಾ?

ಶಿರಾ_ಸೀಮೆ (ತುಮಕೂರು)

ತಪ್ಪು ಏನಿದೆ ಇದ್ರಲ್ಲಿ, ಗೆಳೆಯ ಅಂದ್ಮೇಲೆ ಹೇಳ್ದಲೆ ಇರೋಕಾಗತ್ತಾ. ನಮ್ ಚಿಕ್ಕಪ್ಪಂಗೆ ಯಾರೂ ಹೇಳ್ಲಿಲ್ಲ, ಎಲ್ರೂ ಪಾಪ ತಿನ್ಲಿ ಬಿಡು ಅಂದ್ರು, 52ಕ್ಕೆ ಕಿಡ್ನಿ ಹೋಯ್ತು, ವಾರಕ್ಕೆ ಮೂರ್ ಸಲ ಡಯಾಲಿಸಿಸ್. ಮುಲಾಜು ನೋಡ್ಕೊಂಡು ಕೂತ್ರೆ ಮನುಷ್ಯನೇ ಇರಲ್ಲ. ನೀನ್ ಮಾಡಿದ್ದು ಸರಿ, ಮಾಡಿದ ಜಾಗ ಸರಿ ಇಲ್ಲ ಅಷ್ಟೇ.

ವಿದುರಾಶ್ವತ್ಥ_ರೋಡು (ಗೌರಿಬಿದನೂರು)

ನಾನು ಆ ಕಡೆಯಿಂದ ಮಾತಾಡ್ತೀನಿ, ಯಾಕಂದ್ರೆ ನಂಗೆ ಟೈಪ್ 1, ಅಂದ್ರೆ ದೇಹದಲ್ಲಿ ಇನ್ಸುಲಿನ್ ತಯಾರೇ ಆಗದ ಶುಗರ್, ಹನ್ನೊಂದನೇ ವಯಸ್ಸಲ್ಲಿ ಬಂತು, ಈಗ 30. ಅಂದ್ರೆ 19 ವರ್ಷದಿಂದ ದಿನಕ್ಕೆ ನಾಲ್ಕು ಸಲ ಸೂಜಿ ಚುಚ್ಕೊಳ್ತಾ ಇದೀನಿ.

ಅಣ್ಣಾ, ನಿಮ್ ಪ್ರೀತಿ ಅರ್ಥ ಆಗತ್ತೆ. ಆದ್ರೆ ಒಂದ್ ಸಲ ಯೋಚ್ನೆ ಮಾಡಿ, ಆ ಒಬ್ಬಟ್ಟನ್ನ ಅವ್ರು ಲೆಕ್ಕ ಹಾಕಿಯೇ ಹಾಕಿಸ್ಕೊಂಡಿರ್ಬೋದು. ಅನ್ನ ಕಮ್ಮಿ ಮಾಡಿ ಒಂದು ಒಬ್ಬಟ್ಟು ತಿನ್ನೋಣ ಅಂತ ಬೆಳಗ್ಗೆಯಿಂದ ಮನಸಲ್ಲೇ ಕೂಡಿ ಕಳೆದು ಇಟ್ಕೊಂಡಿರ್ತೀವಿ ನಾವು. ದಿನದ 24 ಗಂಟೇನೂ ಈ ಲೆಕ್ಕ ತಲೇಲಿ ಓಡ್ತಾನೇ ಇರತ್ತೆ, ರಜಾ ಇಲ್ಲ. ಅದನ್ನ ನಾಲ್ಕು ಜನರ ಮುಂದೆ ಕಿತ್ಕೊಂಡ್ರೆ, ನೀನು ನಿನ್ ಕಾಯಿಲೆ ನೋಡ್ಕೊಳ್ಳೋಕೆ ಲಾಯಕ್ಕಿಲ್ಲ ಅಂತ ಹೇಳ್ದಂಗೆ.

ನಂಗೆ ಒಬ್ಳು ಗೆಳತಿ ಇದಾಳೆ, ಪಿಯುಸಿಯಿಂದ. ಅವ್ಳು ಯಾವತ್ತೂ "ಎಷ್ಟ್ ಬಂತು" ಅಂತ ಕೇಳಲ್ಲ. ಶುಗರ್ ನಂಬರ್ ಕೇಳೋರೆಲ್ಲಾ ಮಾರ್ಕ್ಸ್ ಕೇಳೋ ನೆಂಟ್ರಂಗೆ ಕೇಳ್ತಾರೆ, 240 ಅಂದ ತಕ್ಷಣ ಮುಖ ಹಿಂಡ್ತಾರೆ. ಜ್ವರ ಬಂದ್ರೂ ಏರತ್ತೆ, ನಿದ್ದೆ ಕೆಟ್ರೂ ಏರತ್ತೆ, ಟೆನ್ಷನ್ ಆದ್ರೂ ಏರತ್ತೆ, ನಾವು ಏನೂ ತಿನ್ದೆ ಇದ್ರೂ ಕೆಲವು ಸಲ ಬೆಳಗ್ಗೆ ಎದ್ದಾಗ ಏರಿರತ್ತೆ. ಇವ್ಳು "ಊಟ ಆಯ್ತಾ, ಸುಸ್ತಾ, ನಡಿ ಒಂದ್ ರೌಂಡ್ ಹೋಗ್ಬರಣ" ಅಂತಾಳೆ ಅಷ್ಟೇ. ಅವ್ಳ ಬ್ಯಾಗಲ್ಲಿ ಯಾವಾಗ್ಲೂ ಒಂದು ಗ್ಲೂಕೋಸ್ ಪುಡಿ ಪೊಟ್ಟಣ ಇರತ್ತೆ. ಮದುವೆ ಆಗಿ ಮಗು ಆಗಿದೆ ಅವ್ಳಿಗೆ, ಇವತ್ತಿಗೂ ಇಟ್ಕೊಂಡಿರ್ತಾಳೆ.

ಅಂತರಗಂಗೆ_ತಪ್ಪಲು (ಕೋಲಾರ)

ಲೆಕ್ಕ ಹಾಕಿ ತಿಂತಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ತಂಗಿ. ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತ್ಬಿಟ್ಟೆ.

ವನಸ್ಪತಿ_ಮನೆಮದ್ದು

ಇನ್ಸುಲಿನ್ ಒಂದ್ಸಲ ಶುರು ಮಾಡಿದ್ರೆ ಜೀವನಪೂರ್ತಿ ಅಂಟ್ಕೊಳತ್ತೆ, ಅದಕ್ಕೇ ಹೋಗ್ಬಾರ್ದು. ಮಧುನಾಶಿನಿ ಎಲೆ, ಅಮೃತಬಳ್ಳಿ, ಹಾಗಲಕಾಯಿ ರಸ ಬೆಳಗ್ಗೆ ಖಾಲಿ ಹೊಟ್ಟೇಲಿ 48 ದಿನ ಕೊಡಿ, ಸೂಜಿ ನಿಲ್ಸಿ, ಬುಡಸಮೇತ ಹೋಗತ್ತೆ. ನಾನು ಎಷ್ಟೋ ಜನಕ್ಕೆ ಕೊಟ್ಟಿದೀನಿ.

ವಿದುರಾಶ್ವತ್ಥ_ರೋಡು (ಗೌರಿಬಿದನೂರು)

@ವನಸ್ಪತಿ ದಯವಿಟ್ಟು ಇದನ್ನ ಬರೀಬೇಡಿ. ಸೂಜಿ ನಿಲ್ಸಿ ಅನ್ನೋ ಮಾತು ನನ್ನಂಥೋರ ಜೀವ ತೆಗೆಯತ್ತೆ. ನನ್ ದೇಹದಲ್ಲಿ ಇನ್ಸುಲಿನ್ ತಯಾರೇ ಆಗಲ್ಲ, ಯಾವ ಎಲೆ ತಿಂದ್ರೂ ಅದು ಹುಟ್ಟಲ್ಲ.

ನರ್ಸಮ್ಮ_ಚಿಂತಾಮಣಿ

ಇದಕ್ಕೆ ನಾನು ಉತ್ತರ ಕೊಡ್ಲೇಬೇಕು. 14 ವರ್ಷದಿಂದ ವಾರ್ಡಲ್ಲಿ ಕೆಲಸ ಮಾಡ್ತಿದೀನಿ. ಹಿಂಗೇ ಯಾರೋ ಕಷಾಯ ಕೊಟ್ಟು ಸೂಜಿ ನಿಲ್ಸಿದ್ದ ಹುಡುಗ ಒಬ್ಬ ಬಂದಿದ್ದ, ಹೈಸ್ಕೂಲ್ ಹುಡುಗ. ಎರಡು ದಿನದಿಂದ ವಾಂತಿ, ಹೊಟ್ಟೆನೋವು, ಗ್ಯಾಸ್ಟ್ರಿಕ್ ಅಂತ ಮನೇಲಿ ಸೋಡಾ ಕುಡಿಸಿದ್ರು. ಹತ್ರ ಹೋದ್ರೆ ಉಸಿರಲ್ಲಿ ಕೊಳೆತ ಹಣ್ಣಿನ ಥರ ಒಂದು ಸಿಹಿ ವಾಸನೆ, ಎದೆ ಏರಿಸಿ ಇಳಿಸಿ ಜೋರಾಗಿ ಉಸಿರಾಡ್ತಿದ್ದ. ಕೀಟೋಅಸಿಡೋಸಿಸ್ ಅಂತಾರೆ ಅದಕ್ಕೆ. ಇನ್ಸುಲಿನ್ ಇಲ್ದೆ ದೇಹ ಕೊಬ್ಬನ್ನ ಕರಗಿಸಿ ರಕ್ತಾನೇ ಆಸಿಡ್ ಮಾಡ್ಕೊಳತ್ತೆ. ಆ ಹುಡುಗ ಉಳ್ಕೊಂಡ, ಐಸಿಯುನಲ್ಲಿ ಐದು ದಿನ. ಎಲ್ರೂ ಉಳ್ಕೊಳಲ್ಲ.

1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್, ಬೆಸ್ಟ್ ಅನ್ನೋರು ಇನ್ಸುಲಿನ್ ಬೇರ್ಪಡಿಸಿದ್ರು, 1922ರ ಜನವರೀಲಿ ಮೊದಲ ಸಲ 14 ವರ್ಷದ ಒಬ್ಬ ಹುಡುಗಂಗೆ ಕೊಟ್ರು. ಅದಕ್ ಮುಂಚೆ ಟೈಪ್ 1 ಬಂದ ಮಕ್ಕಳು ಒಂದೆರಡು ವರ್ಷ ಬದುಕಿದ್ರೆ ಹೆಚ್ಚು, ಕಷಾಯ ಆಗ್ಲೂ ಇತ್ತಲ್ವಾ. ನವೆಂಬರ್ 14 ವಿಶ್ವ ಮಧುಮೇಹ ದಿನ ಮಾಡೋದು ಆ ಬ್ಯಾಂಟಿಂಗ್ ಹುಟ್ಟಿದ ದಿನ ಅಂತಲೇ.

ಇನ್ನು ತಪ್ಪಲು ಅವ್ರೇ, ಗೆಳೆಯರಾಗಿ ನೀವು ಕಲೀಬೇಕಾಗಿರೋದು ಸಿಹಿ ಕಿತ್ಕೊಳ್ಳೋದಲ್ಲ, ಸಿಹಿ ಕೊಡೋದು. ಲೋ ಶುಗರ್, ಅಂದ್ರೆ ಶುಗರ್ ತೀರಾ ಇಳಿದಾಗ ಏನ್ ಮಾಡ್ಬೇಕು ಗೊತ್ತಾ ನಿಮ್ಗೆ?

ಅಂತರಗಂಗೆ_ತಪ್ಪಲು (ಕೋಲಾರ)

ಸರಿಯಾಗಿ ಗೊತ್ತಿಲ್ಲ ಅಕ್ಕ. ಆದ್ರೆ ನೀವ್ ಕೇಳ್ದಾಗ ಒಂದು ನೆನಪಾಯ್ತು. ಜುಲೈನಲ್ಲಿ ಒಂದಿನ ಬೆಳಗ್ಗೆ ಮಂಡಿಗೆ ಹೋಗಿದ್ದೆ. ಅವ್ನು ಬಾಕ್ಸ್ ಎಣಿಸ್ತಿದ್ದ. ನಲವತ್ತೆರಡು ಅಂದ, ಒಂದ್ ಹೆಜ್ಜೆ ಮುಂದೆ ಹೋಗಿ ಮತ್ತೆ ನಲವತ್ತೆರಡು ಅಂದ, ಮತ್ತೆ ವಾಪಸ್ ಬಂದು ಅದೇ ಬಾಕ್ಸ್ ಮೇಲೆ ಕೈ ಇಟ್ಟು ನಲವತ್ತೆರಡು. ಮೋಡ ಹಾಕಿತ್ತು, ಚಳಿ ಇತ್ತು, ಇವ್ನ ಶರ್ಟು ಬೆನ್ನಿಗೆ ಅಂಟ್ಕೊಂಡಿತ್ತು ಬೆವರಲ್ಲಿ. ಏನಾಯ್ತೋ ಅಂದ್ರೆ ನನ್ನನ್ನೇ ಬೈದ. ಹಮಾಲಿ ಒಬ್ಬ ಬೆಳಗ್ಗೇನೇ ಹಾಕ್ಕೊಂಡು ಬಂದವ್ನೆ ಅಂದ. ಆಮೇಲೆ ಟೀ ಅಂಗಡಿಯವನು ಸಕ್ಕರೆ ಜಾಸ್ತಿ ಹಾಕಿ ಟೀ ಕೊಟ್ಟ, ಸ್ವಲ್ಪ ಹೊತ್ತಿಗೆ ಸರಿ ಹೋದ. ನಾನು ನಿದ್ದೆಗೆಟ್ಟು ಹಂಗಾಗಿದೆ ಅನ್ಕೊಂಡೆ.

ನರ್ಸಮ್ಮ_ಚಿಂತಾಮಣಿ

ಅದೇ ಲೋ ಶುಗರ್. ಪಕ್ಕಾ ಅದೇ. ಬೆವರು, ಕೈ ನಡುಕ, ಸುಮ್ಸುಮ್ನೆ ಸಿಟ್ಟು, ಮಾತು ತೊದಲೋದು, ಮಂಕು ಬಡಿದಂಗೆ ಆಗೋದು. ಮೆದುಳಿಗೆ ಸಕ್ಕರೆ ಸಾಲ್ತಿಲ್ಲ ಆಗ. ಕುಡಿದವನ ಥರಾನೇ ಕಾಣತ್ತೆ, ಅದಕ್ಕೇ ಎಷ್ಟೋ ಸಲ ಬಸ್ ಸ್ಟ್ಯಾಂಡಲ್ಲಿ ಬಿದ್ದಿದ್ರೂ ಜನ ಮುಟ್ಟಲ್ಲ.

ಮೀಟರಲ್ಲಿ 70ಕ್ಕಿಂತ ಕಮ್ಮಿ ಇದ್ರೆ ಲೋ. ಮೀಟರ್ ಇಲ್ಲ ಅಂದ್ರೆ ಕಾಯ್ಬೇಡಿ, ಲೋ ಅಂತಲೇ ತಿಳ್ಕೊಂಡು ಕೊಡಿ. ಮೂರು ಟೀ ಚಮಚ ಸಕ್ಕರೆ ಅರ್ಧ ಲೋಟ ನೀರಿಗೆ ಕಲಸಿ ಕುಡಿಸಿ, ಇಲ್ಲಾ ಗ್ಲೂಕೋಸ್ ಪುಡಿ, ಇಲ್ಲಾ ಅರ್ಧ ಲೋಟ ಜ್ಯೂಸ್. ಚಾಕಲೇಟು, ಬಿಸ್ಕತ್ತು ಬೇಡ, ಅದ್ರಲ್ಲಿರೋ ಕೊಬ್ಬಿಂದ ಸಕ್ಕರೆ ರಕ್ತಕ್ಕೆ ಸೇರೋದು ತಡ ಆಗತ್ತೆ. 15 ನಿಮಿಷ ಬಿಟ್ಟು ನೋಡಿ, ಇನ್ನೂ ಕಮ್ಮಿ ಇದ್ರೆ ಅಷ್ಟೇ ಮತ್ತೆ. ಸರಿ ಹೋದ್ಮೇಲೆ ಊಟಾನೋ ತಿಂಡೀನೋ ಮಾಡ್ಸಿ, ಇಲ್ಲಾಂದ್ರೆ ಮತ್ತೆ ಇಳಿಯತ್ತೆ. ಪ್ರಜ್ಞೆ ತಪ್ಪಿದ್ರೆ ಮಾತ್ರ ಬಾಯಿಗೆ ಒಂದ್ ತೊಟ್ಟೂ ಹಾಕ್ಬೇಡಿ, ಶ್ವಾಸಕೋಶಕ್ಕೆ ಹೋಗತ್ತೆ. ಪಕ್ಕಕ್ಕೆ ಮಲಗಿಸಿ, 108ಕ್ಕೆ ಫೋನ್ ಮಾಡಿ.

ಕ್ಯಾತ್ಸಂದ್ರ_ಗೇಟ್ (ತುಮಕೂರು)

ಅಕ್ಕ ಬರೆದಿದ್ದನ್ನ ಸ್ಕ್ರೀನ್‌ಶಾಟ್ ತಗೊಂಡು ಮನೆ ಗ್ರೂಪಿಗೆ ಹಾಕ್ದೆ.

ನಾನೂ ಒಂದ್ ಹೇಳ್ತೀನಿ. ನಮ್ ಫ್ರೆಂಡ್ಸ್ ಗ್ಯಾಂಗಲ್ಲಿ ಒಬ್ಬಂಗೆ ಶುಗರ್, ಶಿವರಾತ್ರಿ ಜಾತ್ರೆ ಟೈಮಲ್ಲಿ ಸಿದ್ಧಗಂಗೆ ಬೆಟ್ಟ ಹತ್ತೋಕೆ ಹೋಗಿದ್ವಿ, ಮಧ್ಯಾಹ್ನ, ಬರಿಗಾಲು. ಬಂಡೆ ಕಾದು ಹೆಂಚಾಗಿತ್ತು, ನಾವೆಲ್ಲಾ ಕುಣೀತಾ ಓಡ್ತಾ ಇದೀವಿ, ಅವ್ನು ಮಾತ್ರ ಆರಾಮಾಗಿ ನಡೀತಾ ಇದಾನೆ. ನಾವು ಏನ್ ಗಟ್ಟಿಗನಪ್ಪ ಅಂದ್ವಿ. ಕೆಳಗ್ ಬಂದು ನೋಡಿದ್ರೆ ಎರಡೂ ಅಂಗಾಲಲ್ಲಿ ಬೊಬ್ಬೆ, ಒಂದು ಒಡೆದು ನೀರು ಬರ್ತಿದೆ, ಅವ್ನಿಗೆ ಗೊತ್ತೇ ಆಗಿಲ್ಲ. ನರ ಸತ್ತು ಕಾಲಿಗೆ ಸ್ಪರ್ಶ ಇಲ್ಲ. ಆ ಗಾಯ ವಾಸಿ ಆಗೋಕೆ ಎರಡು ತಿಂಗಳು ಹಿಡೀತು. ಈಗ ನಾವು ಎಲ್ಲಾರೂ ಬೆಟ್ಟಕ್ಕೆ ಬೆಳಗ್ಗೆ ಆರಕ್ಕೇ ಹೋಗ್ತೀವಿ, ಎಲ್ರೂ ಸಾಕ್ಸ್ ಹಾಕ್ಕೊಳ್ತೀವಿ. ಅವ್ನೊಬ್ನೇ ಹಾಕ್ಕೊಂಡ್ರೆ ಎದ್ದು ಕಾಣತ್ತೆ, ಹತ್ತು ಜನ ಹಾಕ್ಕೊಂಡ್ರೆ ಯಾರೂ ಕೇಳಲ್ಲ.

ವಿದುರಾಶ್ವತ್ಥ_ರೋಡು (ಗೌರಿಬಿದನೂರು)

ಹತ್ತು ಜನರೂ ಸಾಕ್ಸ್ ಹಾಕ್ಕೊಂಡ್ರಿ ಅಂತ ಓದಿ ಕಣ್ಣಲ್ಲಿ ನೀರು ಬಂತು.

ಶಿರಾ_ಸೀಮೆ (ತುಮಕೂರು)

ಇದು ಒಪ್ತೀನಿ. ಆದ್ರೂ ನಂದೊಂದು ವಾದ ಇದೆ. ಎಲ್ರೂ ಲೆಕ್ಕ ಹಾಕಿ ತಿನ್ನಲ್ಲ. ನಮ್ ಚಿಕ್ಕಪ್ಪ ಮುದ್ದೆ ತಿಂದ್ರೆ ಶುಗರ್ ಬರಲ್ಲ ಅಂತ ದಿನಾ ಎರಡೊತ್ತು ಎರಡೆರಡು ಮುದ್ದೆ ಹೊಡೀತಿದ್ರು, ಕಾಫಿಗೆ ಬೆಲ್ಲ, ಸಕ್ಕರೆ ಅಲ್ವಲ್ಲ ಅಂತ. ಅಂಥೋರಿಗೆ ಯಾರು ಹೇಳ್ಬೇಕು?

ರಾಗಿ_ಕಣ (ಮಾಲೂರು)

ಏನ್ರೀ ಮುದ್ದೆಗೆ ಬಂದ್ರಿ ಈಗ. ನಮ್ ತಾತ ಮೂರೊತ್ತು ಮುದ್ದೆ ತಿಂದು 90 ವರ್ಷ ಬದುಕಿದ್ರು.

ನರ್ಸಮ್ಮ_ಚಿಂತಾಮಣಿ

ತಾತ ಮೂರೊತ್ತು ಹೊಲದಲ್ಲೂ ಇರ್ತಿದ್ರು ಅಲ್ವಾ ಅಣ್ಣ. ರಾಗಿ ಒಳ್ಳೇದೇ, ನಾರಿದೆ, ಕ್ಯಾಲ್ಸಿಯಂ ಇದೆ. ಆದ್ರೆ ಅದೂ ಪಿಷ್ಟಾನೇ, ನುಣ್ಣಗೆ ಬೀಸಿದ ಹಿಟ್ಟು ಬೇಗ ಜೀರ್ಣ ಆಗಿ ಶುಗರ್ ಏರಿಸತ್ತೆ. ಮುದ್ದೆ ಸಣ್ಣದು ಕಟ್ಟಿ, ಬಸ್ಸಾರಿನ ಸೊಪ್ಪು ಕಾಳು ಜಾಸ್ತಿ ಹಾಕ್ಕೊಳ್ಳಿ, ಸೊಪ್ಪಿನ ಪಲ್ಯ ಮೊದ್ಲು ತಿಂದು ಆಮೇಲೆ ಮುದ್ದೆ ಮುರೀರಿ. ಬೆಲ್ಲ, ಜೇನುತುಪ್ಪ ಎಲ್ಲಾ ಸಕ್ಕರೆ ಲೆಕ್ಕಕ್ಕೇ ಸೇರತ್ತೆ, ಅದ್ರಲ್ಲಿ ಅನುಮಾನ ಬೇಡ.

ಕ್ಯಾತ್ಸಂದ್ರ_ಗೇಟ್ (ತುಮಕೂರು)

ತಟ್ಟೆ ಇಡ್ಲಿ ಒಂದು ತಿನ್ಬೋದಾ ಅಕ್ಕ? ನಮ್ಮೋನು ಅದನ್ನ ಬಿಡೋಕೇ ಆಗಲ್ಲ ಅಂತಾನೆ

ನರ್ಸಮ್ಮ_ಚಿಂತಾಮಣಿ

ಒಂದು ತಿನ್ಲಿ, ಜೊತೆಗೆ ಮೊಟ್ಟೆ ಅಥವಾ ಕಾಳು ಏನಾದ್ರೂ ಇರ್ಲಿ. ಎರಡು ಗಂಟೆ ಬಿಟ್ಟು ಮೀಟರಲ್ಲಿ ನೋಡ್ಲಿ, ಅವನ ದೇಹ ಏನ್ ಹೇಳತ್ತೆ ಅಂತ ಅವನಿಗೇ ಗೊತ್ತಾಗತ್ತೆ. ಚುಚ್ಚೋಕ್ ಮುಂಚೆ ಕೈ ತೊಳೀಬೇಕು. ಮಾವಿನಹಣ್ಣು ಮುಟ್ಟಿದ ಬೆರಳಲ್ಲಿ ನೋಡಿ 380 ಬಂತು ಅಂತ ಗಾಬರಿ ಬಿದ್ದು ಓಡಿ ಬಂದೋರನ್ನ ನೋಡಿದೀನಿ.

ಶ್ರೀನಿವಾಸಪುರ_ತೋಪು

ನಮ್ಮೂರಲ್ಲಿ ಮೇ ತಿಂಗಳಲ್ಲಿ ಮಾವು ಮುಟ್ಟದ ಬೆರಳು ಎಲ್ಲಿ ಸಿಗತ್ತೆ ಅಕ್ಕ 😄 ಅಂದ್ಹಾಗೆ ಹೋದ ಸೀಸನ್ ತೋತಾಪುರಿ ರೇಟು ಯಾರಿಗಾದ್ರೂ ಸರಿಯಾಗಿ ಸಿಕ್ತಾ?

ಬೈರಕೂರು_ಹುಡ್ಗ (ಮುಳಬಾಗಿಲು)

ರೇಟಿನ ಮಾತು ಬೇಡ ಅಣ್ಣ, ಹೊಟ್ಟೆ ಉರಿಯತ್ತೆ. ಕಿತ್ತ ಕೂಲೀನೂ ಹುಟ್ಲಿಲ್ಲ.

ಮೆಡಿಕಲ್_ಸ್ಟೋರ್_ಹುಡ್ಗ (ಚಿಕ್ಕಬಳ್ಳಾಪುರ)

ವಿಷ್ಯಕ್ಕೆ ಬರೋಣ. ಕೌಂಟರಲ್ಲಿ ದಿನಾ ನೋಡೋ ಒಂದು ತಪ್ಪು ಹೇಳ್ತೀನಿ, ಗೆಳೆಯಂಗೆ ಔಷಧಿ ತಂದ್ಕೊಡೋರು ಇದನ್ನ ಗಟ್ಟಿ ನೆನಪಿಟ್ಕೊಳ್ಳಿ. ನಮ್ಮಲ್ಲಿ ಇನ್ಸುಲಿನ್ ಬಾಟ್ಲಿ ಹೆಚ್ಚಾಗಿ ಒಂದು ಎಂಎಲ್ಲಿಗೆ 40 ಯೂನಿಟ್‌ದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿಗೆ ಹಾಕೋ ಕಾರ್ಟ್ರಿಡ್ಜ್ ಒಂದು ಎಂಎಲ್ಲಿಗೆ 100 ಯೂನಿಟ್‌ದು. 100ರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಪೆನ್ ಕೆಟ್ಟೋಯ್ತು ಅಂತ ಕಾರ್ಟ್ರಿಡ್ಜಿಂದ ಕೆಂಪು ಸಿರಿಂಜಲ್ಲಿ ಎಳ್ಕೊಂಡು 20 ಗೆರೆ ಚುಚ್ಕೊಂಡ್ರೆ ಒಳಗೆ ಹೋಗೋದು 20 ಅಲ್ಲ, 50. ಎರಡೂವರೆ ಪಟ್ಟು. ಒಬ್ರು ಹಂಗೇ ಮಾಡ್ಕೊಂಡು ರಾತ್ರಿ ಎಲ್ಲಾ ಆಸ್ಪತ್ರೇಲಿ ಇದ್ರು. ಬಾಟ್ಲಿ ಮೇಲೆ ಏನಿದೆ, ಸಿರಿಂಜ್ ಮೇಲೆ ಏನಿದೆ, ಎರಡೂ ಓದಿ ತಗೊಳ್ಳಿ.

ಆಮೇಲೆ ತೆಗೆಯದ ಬಾಟ್ಲಿ ಫ್ರಿಜ್ಜಲ್ಲಿ 2ರಿಂದ 8 ಡಿಗ್ರೀಲಿ, ಫ್ರೀಜರಲ್ಲಿ ಬೇಡವೇ ಬೇಡ, ಗಟ್ಟಿ ಆದ್ರೆ ಬಿಸಾಕ್ಬೇಕು. ಬಳಸ್ತಾ ಇರೋದನ್ನ ಹೊರಗೆ ತಂಪಾಗಿರೋ ಜಾಗದಲ್ಲಿ ಸುಮಾರು ನಾಲ್ಕು ವಾರ ಇಟ್ಕೋಬೋದು. ಬೇಸಿಗೇಲಿ ಬೈಕ್ ಡಿಕ್ಕೀಲಿ ಇಟ್ರೆ ಹಾಳಾಗತ್ತೆ. ಫ್ರಿಜ್ ಇಲ್ಲದ ಮನೆಯೋರು ಮಣ್ಣಿನ ಕುಡಿಕೇಲಿ ಇಟ್ಟು, ಆ ಕುಡಿಕೇನ ನೀರಿರೋ ದೊಡ್ಡ ಮಡಕೇಲಿ ಇಟ್ಕೊಳ್ತಾರೆ, ಬಾಟ್ಲಿಗೆ ನೀರು ತಾಗದಂಗೆ. ಚೆನ್ನಾಗೇ ತಂಪಿರತ್ತೆ.

ತಿಪಟೂರು_ಗೆಳತಿ

ನಂಗೆ ಮದುವೆ ಊಟದ ಮಾತು ತಲೇಲೇ ಕೂತಿದೆ. ತಪ್ಪಲು ಅಣ್ಣ, ನಿಮ್ ಗೆಳೆಯ ಮದುವೆ ದಿನ ಸೂಜಿ ಎಷ್ಟೊತ್ತಿಗೆ ತಗೊಂಡಿದ್ರು? ನಮ್ ಆಫೀಸಲ್ಲಿ ನನ್ ಪಕ್ಕ ಕೂರೋ ಗೆಳತಿಗೆ ಮಿಕ್ಸ್ ಇನ್ಸುಲಿನ್, ಬೇಗ ಕೆಲಸ ಮಾಡೋದೂ ನಿಧಾನಕ್ಕೆ ಮಾಡೋದೂ ಸೇರಿರೋದು. ಚುಚ್ಕೊಂಡ ಅರ್ಧ ಗಂಟೇಲಿ ಊಟ ಮಾಡ್ಲೇಬೇಕು. ಮದುವೆ ಮನೇಲಿ ಇದೇ ದೊಡ್ಡ ಕಷ್ಟ, ಮುಹೂರ್ತ ತಡ ಆಯ್ತು, ಪಂಕ್ತಿ ತುಂಬಿದೆ, ಹಿರಿಯರು ಕೂತ್ಕೊಳ್ಲಿ ಅಂತ ಮುಂದೂಡ್ತಾರೆ, ಅಷ್ಟ್ರಲ್ಲಿ ಇವ್ಳಿಗೆ ಲೋ. ಬಾಯ್ಬಿಟ್ಟು ಹೇಳೋಕೆ ನಾಚಿಕೆ, ಹೊಟ್ಟೆಬಾಕಿ ಅನ್ಕೊಳ್ತಾರೆ ಅಂತ. ಈಗ ನಾನು ಹೋದ ತಕ್ಷಣ "ನಂಗೆ ಬಸ್ ಇದೆ, ಮೊದಲ್ನೇ ಪಂಕ್ತೀಲೇ ಕೂತ್ಬಿಡ್ತೀನಿ, ನೀನೂ ಬಾ" ಅಂತ ಎಳ್ಕೊಂಡು ಹೋಗಿ ಎರಡು ಸೀಟ್ ಹಿಡೀತೀನಿ. ಎಲೆ ಮುಂದೆ ಕೂತ್ಮೇಲೆ ಅವ್ಳು ಬಚ್ಚಲ ಕಡೆ ಹೋಗಿ ಚುಚ್ಕೊಂಡು ಬರ್ತಾಳೆ, ಅಷ್ಟೊತ್ತೂ ಅವ್ಳ ಜಾಗ ಕಾಯೋದು ನನ್ ಕೆಲಸ. ಏನ್ ತಿಂತಾಳೆ ಅನ್ನೋದು ನಾನು ನೋಡಲ್ಲ.

ವಿದುರಾಶ್ವತ್ಥ_ರೋಡು (ಗೌರಿಬಿದನೂರು)

ಬಚ್ಚಲಲ್ಲಿ ಚುಚ್ಕೊಳ್ಳೋ ಗತಿ ಬೇಡ ಅಕ್ಕ ಅವ್ರಿಗೆ, ಕೊಳಕು ಜಾಗ. ಮುಂದಿನ ಸಲ ನೀವು ಪಕ್ಕ ನಿಂತು ಸೆರಗು ಅಡ್ಡ ಹಿಡೀರಿ, ಮಂಟಪದ ಕೋಣೇಲೇ ಚುಚ್ಕೊಳ್ಲಿ. ನಾನಂತೂ ಈಗ ಎಲ್ರ ಮುಂದೇನೇ ಚುಚ್ಕೊಳ್ತೀನಿ, ಆ ಧೈರ್ಯ ಬರೋಕೆ 15 ವರ್ಷ ಬೇಕಾಯ್ತು.

ತಿಪಟೂರು_ಗೆಳತಿ

ಹೌದಲ್ವಾ, ಇದು ಹೊಳೆದೇ ಇರ್ಲಿಲ್ಲ ನಂಗೆ. ಖಂಡಿತ.

ಬೈರಕೂರು_ಹುಡ್ಗ (ಮುಳಬಾಗಿಲು)

ಎಣ್ಣೆ ಪಾರ್ಟಿ ವಿಷ್ಯ ಯಾರೂ ಮಾತಾಡ್ತಿಲ್ಲ. ನಮ್ ಗ್ಯಾಂಗಲ್ಲಿ ಶುಗರ್ ಇರೋನು ಕುಡಿಯೋ ದಿನ ಶುಗರ್ ಏರಬಾರ್ದು ಅಂತ ಊಟಾನೇ ಬಿಡ್ತಾನೆ. ಸರಿನಾ ಇದು?

ನರ್ಸಮ್ಮ_ಚಿಂತಾಮಣಿ

ಅಯ್ಯೋ, ತುಂಬಾ ಅಪಾಯ. ಹೊಟ್ಟೆ ಖಾಲಿ ಇದ್ದಾಗ ಸಕ್ಕರೆ ಬಿಟ್ಕೊಡೋದು ಲಿವರ್ರು, ಕುಡಿದಾಗ ಲಿವರ್ ಆ ಕೆಲಸ ನಿಲ್ಸತ್ತೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತಗೊಳ್ಳೋರಿಗೆ ಮಧ್ಯರಾತ್ರಿ ಮಲಗಿದ್ದಾಗ ಲೋ ಆಗತ್ತೆ, ಮನೆಯೋರು ಎಣ್ಣೆ ಏಟು ಅನ್ಕೊಂಡು ಎಬ್ಬಿಸಲ್ಲ. ಬಿಟ್ರೆ ಒಳ್ಳೇದು, ಬಿಡಲ್ಲ ಅಂದ್ರೆ ಊಟ ಮಾಡ್ಸದೆ ಮನೆಗೆ ಕಳಿಸ್ಬೇಡಿ, ಆ ರಾತ್ರಿ ಒಬ್ನೇ ಮಲಗೋಕೂ ಬಿಡ್ಬೇಡಿ.

ರಾಗಿ_ಕಣ (ಮಾಲೂರು)

ದುಡ್ಡಿನ ವಿಷ್ಯಾನೂ ಇದೆ. ಶುಗರ್ ಚೆಕ್ ಮಾಡೋ ಸ್ಟ್ರಿಪ್ ರೇಟಿಗೆ ಹೆದರಿ ಎಷ್ಟೋ ಜನ ಚೆಕ್ಕೇ ಮಾಡ್ಕೊಳಲ್ಲ. ನಮ್ಮಣ್ಣನ ಗೆಳೆಯರು ನಾಲ್ಕು ಜನ ಸೇರಿ ಅವ್ನ ಹುಟ್ಟುಹಬ್ಬಕ್ಕೆ ಕೇಕ್ ಬದ್ಲು ಎರಡು ಡಬ್ಬ ಸ್ಟ್ರಿಪ್ ತಂದ್ಕೊಟ್ರು. ಮಾತ್ರೆಗಳು ಜನೌಷಧಿ ಅಂಗಡೀಲಿ ತುಂಬಾ ಕಮ್ಮಿಗೆ ಸಿಗತ್ತೆ. 30 ದಾಟಿದೋರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ ಶುಗರ್ ಪುಕ್ಕಟೆ ನೋಡ್ತಾರೆ, ಜಿಲ್ಲಾಸ್ಪತ್ರೇಲಿ ಎನ್‌ಸಿಡಿ ಕ್ಲಿನಿಕ್ ಅಂತ ಬಿಪಿ, ಶುಗರ್ ಥರ ಒಬ್ರಿಂದ ಒಬ್ರಿಗೆ ಅಂಟದ ಕಾಯಿಲೆಗಳಿಗೇ ಇದೆ. ವರ್ಷಕ್ಕೊಂದ್ಸಲ ಕಣ್ಣಿನ ಪರದೆ, ಮೂತ್ರದಲ್ಲಿ ಪ್ರೋಟೀನು, ಕಾಲು ಮೂರೂ ನೋಡಿಸ್ಬೇಕು ಅಂತ ನಮ್ ಡಾಕ್ಟ್ರು ಹೇಳ್ತಾನೇ ಇರ್ತಾರೆ. ಆ ದಿನ ಗೆಳೆಯರು ಜೊತೆಗೆ ಹೋಗ್ರಪ್ಪ. ಕಣ್ಣಿಗೆ ಔಷಧಿ ಬಿಟ್ರೆ ಸ್ವಲ್ಪ ಹೊತ್ತು ಎಲ್ಲಾ ಮಂಜು ಮಂಜು, ಬೈಕ್ ಓಡಿಸೋಕೆ ಆಗಲ್ಲ, ಕರ್ಕೊಂಡು ಬರೋಕೆ ಒಬ್ರು ಬೇಕೇ ಬೇಕು.

ಶಿರಾ_ಸೀಮೆ (ತುಮಕೂರು)

ಮೊದ್ಲು ನಾನು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ನಮ್ ಚಿಕ್ಕಪ್ಪಂಗೆ ಯಾರೂ ಹೇಳ್ಲಿಲ್ಲ ಅಂದೆ, ಅದು ಪೂರ್ತಿ ನಿಜ ಅಲ್ಲ. ಚಿಕ್ಕಮ್ಮ ದಿನಾ ಹೇಳೋರು, ಬೈದೇ ಹೇಳೋರು. ಅದಕ್ಕೇ ಅವ್ರು ಹೋಟೆಲಲ್ಲಿ ಕದ್ದು ತಿನ್ನೋರು. ಈ ಚರ್ಚೆ ಓದ್ತಾ ಇದ್ರೆ ಅನ್ಸತ್ತೆ, ಜೊತೆಗೆ ಆಸ್ಪತ್ರೆಗೆ ಹೋಗೋರು ಒಬ್ರೂ ಇರ್ಲಿಲ್ಲ ಅವ್ರಿಗೆ. ನಾನೂ ಹೋಗ್ಲಿಲ್ಲ.

ಅಂತರಗಂಗೆ_ತಪ್ಪಲು (ಕೋಲಾರ)

ಎಲ್ರಿಗೂ, ನಿನ್ನೆ ಸಂಜೆ ಅವ್ನ ಮನೆಗೆ ಹೋಗಿದ್ದೆ. ಫೋನ್ ಮಾಡ್ದೆ ಹೋದೆ, ಮಾಡಿದ್ರೆ ಬೇಡ ಅಂತಿದ್ದ. ಬಾಗಿಲಲ್ಲೇ "ನಿನ್ ಎಲೆಗೆ ಕೈ ಹಾಕಿದ್ದು ತಪ್ಪಾಯ್ತು ಕಣೋ" ಅಂದೆ. ಅವ್ನು ಸುಮಾರು ಹೊತ್ತು ಸುಮ್ನಿದ್ದು ಒಳಕ್ ಬಾ ಅಂದ.

ತಂಗಿ ಹೇಳಿದ್ದು ಅಕ್ಷರ ಅಕ್ಷರ ನಿಜ. ಅವತ್ತು ಬೆಳಗ್ಗೆ ತಿಂಡೀಲಿ ಉಪ್ಪಿಟ್ಟು ಅರ್ಧ ಬಿಟ್ಟಿದ್ದನಂತೆ, ಒಂದೇ ಒಂದು ಒಬ್ಬಟ್ಟಿಗೆ. "ಅಪ್ಪಂಗೆ ಕಾಲು ತೆಗೆದಾಗ ನೀನ್ ಇದ್ದೆ ಅಂತ ಗೊತ್ತು, ನಿನ್ ಮುಖ ನೋಡಿದಾಗೆಲ್ಲಾ ನಂಗೆ ಅಪ್ಪನ ಕಾಲೇ ನೆನಪಾಗತ್ತೆ, ಅದಕ್ಕೇ ಫೋನ್ ಎತ್ಲಿಲ್ಲ" ಅಂದ. ಇದಕ್ಕೆ ನನ್ ಹತ್ರ ಮಾತಿರ್ಲಿಲ್ಲ.

ಆಮೇಲೆ ನಾನೇ ಕೇಳ್ದೆ, ನಾನ್ ಏನ್ ಮಾಡಿದ್ರೆ ನಿಂಗೆ ಅನುಕೂಲ, ನೀನೇ ಹೇಳು ಅಂತ. ಎರಡು ಹೇಳ್ದ. ಊಟದ ಹತ್ರ ಬಾಯಿ ಬಿಡ್ಬೇಡ. ಮಂಡೀಲಿ ನಲವತ್ತೆರಡು ನಲವತ್ತೆರಡು ಅಂದ್ರೆ ಮಾತ್ರ ಕೇಳ್ದೆ ಬಾಯಿಗೆ ಸಕ್ಕರೆ ಹಾಕು, ನಾನ್ ಬೈದ್ರೂ ಹಾಕು. ಆ ದಿನದ್ದು ಅವ್ನಿಗೆ ಅರ್ಧಂಬರ್ಧ ನೆನಪಿದೆ, ಹಮಾಲಿ ಅಂದ ಮಾತು ಮಾತ್ರ ಪೂರ್ತಿ ನೆನಪಿದೆ.

ಇವತ್ತು ಬೆಳಗ್ಗೆ ಮಂಡೀಗೆ ಹೋಗಿ ಟೀ ಅಂಗಡಿಯವನಿಗೂ ಆ ಹಮಾಲಿಗೂ ನರ್ಸಮ್ಮ ಅಕ್ಕ ಹೇಳಿದ್ದನ್ನ ಹಂಗೇ ಓದಿ ಹೇಳ್ದೆ, ಅವ್ನು ಒಪ್ಪಿದ್ಮೇಲೇನೇ. ಟೀ ಅಂಗಡೀಲಿ ಗಲ್ಲಾ ಪಕ್ಕ ಒಂದು ಗ್ಲೂಕೋಸ್ ಡಬ್ಬ ಇಟ್ಟಿದೀವಿ. ಹಮಾಲಿ ಅಣ್ಣ ಡಬ್ಬ ತಿರುಗಿಸಿ ತಿರುಗಿಸಿ ನೋಡಿ, ನಮ್ಮವ್ವಂಗೂ ಶುಗರ್ ಐತೆ, ಹಿಂಗೇ ಬೆವರ್ತಾಳೆ, ಈ ಪುಡಿ ಎಲ್ಲಿ ಸಿಗತ್ತೆ ಅಂತ ಕೇಳ್ದ.

ನರ್ಸಮ್ಮ_ಚಿಂತಾಮಣಿ

ಅವ್ರಿಗೆ ಹೇಳಿ, ಯಾವ ಮೆಡಿಕಲ್ಲಲ್ಲಾದ್ರೂ ಸಿಗತ್ತೆ. ಪದೇ ಪದೇ ಬೆವರ್ತಾರೆ ಅಂದ್ರೆ ಮಾತ್ರೆ ಡೋಸ್ ಜಾಸ್ತಿ ಆಗಿರ್ಬೋದು, ಮಾತ್ರೆ ಚೀಟಿ ತಗೊಂಡು ಈ ವಾರಾನೇ ಡಾಕ್ಟ್ರಿಗೆ ತೋರಿಸ್ಲಿ, ತಡ ಮಾಡೋದ್ ಬೇಡ.

ಅಂತರಗಂಗೆ_ತಪ್ಪಲು (ಕೋಲಾರ)

ಸೋಮವಾರ ಜಿಲ್ಲಾಸ್ಪತ್ರೆಗೆ ಇವ್ನನ್ನ ಕಣ್ಣಿಗೆ ತೋರಿಸೋಕೆ ಕರ್ಕೊಂಡು ಹೋಗ್ತಿದೀನಿ ಅಕ್ಕ. ಆ ಅಣ್ಣನಿಗೂ ಅವ್ವನ್ನ ಕರ್ಕೊಂಡು ಬರೋಕೆ ಹೇಳಿದೀನಿ.